ನೈಗರ್, ನೈಗ್ರಾ, ನೈಗ್ರಮ್: ಗಿಡದ ಬೋರ್ಡಿಗೆ ಯಾವುದು ಸರಿ?

ಬೇಲಿ_ಬಳ್ಳಿ: ಶಾಲೆಯ ಕೈತೋಟಕ್ಕೆ ಗಿಡಗಳ ವೈಜ್ಞಾನಿಕ (ಲ್ಯಾಟಿನ್) ಹೆಸರಿನ ಬೋರ್ಡ್ ಮಾಡಿಸ್ತಾ ಇದ್ದೇವೆ. ಪಟ್ಟಿಯಲ್ಲಿ ಕರಿಮೆಣಸು ಪೈಪರ್ ನೈಗ್ರಮ್, ಕಪ್ಪು ಸಾಸಿವೆ ಬ್ರಾಸಿಕಾ ನೈಗ್ರಾ ಅಂತಿದೆ. ಬೂಷ್ಟಿನ ಹೆಸರು ಮಾತ್ರ ಆಸ್ಪರ್ಜಿಲಸ್ ನೈಗರ್. ಮೂರೂ 'ಕಪ್ಪು' ತಾನೇ? ಎಲ್ಲಕ್ಕೂ ಒಂದೇ ಹಾಕಬಹುದಾ? ಪ್ರಿಂಟಿಗೆ ಕೊಡಬೇಕು, ಸ್ವಲ್ಪ ಬೇಗ ಹೇಳಿ.

ಹಳೇಬೇರು: ಬೇಡ ಮಾರಾಯ್ರೇ, ಪಟ್ಟಿ ಸರಿಯಾಗೇ ಇದೆ. ಲ್ಯಾಟಿನ್ನಿನಲ್ಲಿ ವಿಶೇಷಣ ನಾಮಪದದ ಲಿಂಗಕ್ಕೆ ಹೊಂದಿಕೊಳ್ಳಬೇಕು. ಸಂಸ್ಕೃತದ ಕೃಷ್ಣಃ, ಕೃಷ್ಣಾ, ಕೃಷ್ಣಮ್ ನೆನಪಿಸಿಕೊಳ್ಳಿ, ಅದೇ ಲೆಕ್ಕ. ಪುಲ್ಲಿಂಗಕ್ಕೆ ನೈಗರ್, ಸ್ತ್ರೀಲಿಂಗಕ್ಕೆ ನೈಗ್ರಾ, ನಪುಂಸಕಕ್ಕೆ ನೈಗ್ರಮ್. ನೈಗರ್‌ನ ನಡುವಿನ 'ಎ' ಸ್ವರ ಉಳಿದ ರೂಪಗಳಲ್ಲಿ ಬಿದ್ದುಹೋಗುತ್ತದೆ. 'ತುಂಬಾ ಕಪ್ಪು' ಅನ್ನಬೇಕಾದರೆ ನೈಗೆರ್ರಿಮಸ್.

ಪೈಪರ್ ನಪುಂಸಕಲಿಂಗ. ಆ ಪದ ಗ್ರೀಕಿನ ಮೂಲಕ ಹೋದದ್ದು, ಬೇರು ನಮ್ಮ ಕಡೆಯ 'ಪಿಪ್ಪಲಿ'. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕರಿಮೆಣಸಿಗೆ ಇಟ್ಟ ಹೆಸರೇ ಇವತ್ತಿಗೂ ನಡೀತಿದೆ. ಗಣಿಕೆ ಸೊಪ್ಪೂ ಹಾಗೇ, ಸೊಲಾನಮ್ ನೈಗ್ರಮ್.

ರೋಮನ್ನರಿಗೆ ಕಪ್ಪಿನಲ್ಲೂ ಎರಡು ಬಗೆ ಇತ್ತು. ಮಿರಮಿರ ಹೊಳೆಯುವ ಕಪ್ಪು ನೈಗರ್, ಹೊಳಪಿಲ್ಲದ ಮಂಕು ಕಪ್ಪು ಆಟರ್. ಕೃಷ್ಣಜೀರಿಗೆಯ ನೈಜೆಲ್ಲಾ ಅನ್ನೋ ಹೆಸರೂ ಇದೇ ಪದದ ಮುದ್ದು ರೂಪ, 'ಕಪ್ಪಗಿನ ಪುಟ್ಟದು' ಅಂತ.

ಬೇಲಿ_ಬಳ್ಳಿ: ಹಾಗಾದ್ರೆ ಕಪ್ಪು ಹಿಪ್ಪುನೇರಳೆ? ಮೋರಸ್ ಅಂತ '-ಅಸ್' ಬಂದಿದೆ, ಪುಲ್ಲಿಂಗ ಅಲ್ವಾ? ಮೋರಸ್ ನೈಗ್ರಾ ಅಂತ ಬರೆದಿದ್ದಾರೆ. ಇದಂತೂ ತಪ್ಪೇ ಇರಬೇಕು.

ಹಳೇಬೇರು: ಎಲ್ಲರೂ ಎಡವುವ ಜಾಗವೇ ಇದು. ಲ್ಯಾಟಿನ್ನಿನಲ್ಲಿ ಮರದ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆಯಲ್ಲಿ '-ಅಸ್' ಇದ್ದರೂ. ಅದಕ್ಕೇ ಮೋರಸ್ ನೈಗ್ರಾ, ಪೈನಸ್ ನೈಗ್ರಾ. ನಮ್ಮ ಹುಣಸೆ ಕೂಡ ಟ್ಯಾಮರಿಂಡಸ್ ಇಂಡಿಕಾ, ಇಂಡಿಕಸ್ ಅಲ್ಲ. ಆಸ್ಪರ್ಜಿಲಸ್ ಮರ ಅಲ್ಲವಲ್ಲ, ಹಾಗಾಗಿ ನೈಗರ್. ಬರೀ ಕೊನೆಯಕ್ಷರ ನೋಡಿ ತಿದ್ದೋಕೆ ಹೋಗಬೇಡಿ.

ತೆಂಗಿನಗರಿ: ನಡುವೆ ಬಾಯಿ ಹಾಕ್ತೀನಿ. ವೀಳ್ಯದೆಲೆ ಪೈಪರ್ ಬೆಟ್ಲೆ. ಅದು ಯಾಕೆ ಬೆಟ್ಲಮ್ ಆಗಲಿಲ್ಲ?

ಹಳೇಬೇರು: ಬೆಟ್ಲೆ ವಿಶೇಷಣ ಅಲ್ಲ, ನಾಮಪದ. ಮಲಯಾಳಂನ 'ವೆಟ್ಟಿಲ' ಪೋರ್ಚುಗೀಸರ ಬಾಯಲ್ಲಿ ಹೀಗಾಯಿತು. ನಾಮಪದ ಲಿಂಗಕ್ಕೆ ಹೊಂದಿಕೊಳ್ಳಬೇಕಿಲ್ಲ. ಹಿಪ್ಪಲಿಯ ಪೈಪರ್ ಲಾಂಗಮ್ ವಿಶೇಷಣ, ಅದಕ್ಕೇ '-ಅಮ್'. ಪಟ್ಟಿಯಲ್ಲಿ ಶುಂಠಿ ಇದ್ದರೆ ಝಿಂಜಿಬರ್ ಅಫಿಸಿನಾಲೆ ಅಂತಲೇ ಬಿಡಿ. ಈ ಗುಂಪಿನ ವಿಶೇಷಣಕ್ಕೆ ಎರಡೇ ರೂಪ: ಗಂಡು ಹೆಣ್ಣು ಎರಡಕ್ಕೂ ಅಫಿಸಿನಾಲಿಸ್, ನಪುಂಸಕಕ್ಕೆ ಅಫಿಸಿನಾಲೆ.

ಬೇಲಿ_ಬಳ್ಳಿ: ಸರಿ ಸರ್, ಪಟ್ಟಿ ಇದ್ದ ಹಾಗೇ ಕೊಡ್ತೀನಿ.

ಹಳೇಬೇರು: ಇಂಗ್ಲಿಷ್ ಲಿಪಿಯಲ್ಲಿ ಹಾಕಿಸೋದಾದ್ರೆ ಎರಡೂ ಪದ ಓರೆ ಅಕ್ಷರದಲ್ಲಿರಲಿ, ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ಪ್ರಿಂಟಿನವರು ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡ್ತಾರೆ, ಪ್ರೂಫ್ ನೋಡದೆ ಒಪ್ಪಬೇಡಿ.