ಕೋ-ಟೀಚಿಂಗ್‌ಗೆ ಕನ್ನಡ ಪದ ಬೇಕು (ಕೈಪಿಡಿ ನಾಳೆ ಅಚ್ಚಿಗೆ)

ಮಾನ್ಯರೇ,
ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಶಾಲೆಯ ಕನ್ನಡ ಶಿಕ್ಷಕರೂ ಪ್ರಶಿಕ್ಷಣಾರ್ಥಿಯೂ ಕೂಡಿ ಪಾಠಯೋಜನೆ ಬರೆದು, ಒಂದೇ ತರಗತಿಯಲ್ಲಿ ಒಟ್ಟಿಗೆ ನಿಂತು ಕಲಿಸುವ ಕ್ರಮಕ್ಕೆ ಏನೆನ್ನಬೇಕು? ‘ಸಹಶಿಕ್ಷಣ’ವೆಂದರೆ ಹುಡುಗ ಹುಡುಗಿಯರು ಒಂದೇ ಶಾಲೆಯಲ್ಲಿ ಓದುವುದೆಂಬ ಅರ್ಥ ಈಗಾಗಲೇ ನೆಲೆಗೊಂಡಿದೆ. ಪ್ರಶಿಕ್ಷಣಾರ್ಥಿಗೆ ದಾರಿ ತೋರುವ ಆ ಶಾಲಾ ಶಿಕ್ಷಕರಿಗೆ, ಅಂದರೆ ‘ಮೆಂಟರ್’ಗೆ, ‘ಮಾರ್ಗದರ್ಶಕ’ ಎನ್ನೋಣವೆಂದರೆ ಪಾಠ ವೀಕ್ಷಿಸಲು ಕಾಲೇಜಿನಿಂದ ಬರುವ ಅಧ್ಯಾಪಕರನ್ನೂ ಹಾಗೆಯೇ ಕರೆಯುತ್ತೇವೆ, ಇಬ್ಬರ ಸಹಿಯೂ ಒಂದೇ ನಮೂನೆಯಲ್ಲಿ ಬರುತ್ತದೆ.
— ರಾಜಾಜಿನಗರದಿಂದ

‘ಒಡಗಲಿಸುವಿಕೆ’ ಎನ್ನಿ. ಒಡಹುಟ್ಟಿದವರು, ಒಡನಾಡಿ ಎಂಬಲ್ಲಿನ ‘ಒಡ’ ಇರುವಾಗ ‘ಸಹ’ ಏಕೆ? ಮೆಂಟರಿಗೆ ‘ಓಜ’ ಎಂಬ ಅಚ್ಚಗನ್ನಡ ಪದವಿದೆ. ಜೊತೆಗೆ ಕಲಿಸುವವರು ‘ಒಡನೋಜ’ರು.
— ಬಸವನಗುಡಿಯಿಂದ

‘ಓಜ’ ಅಚ್ಚಗನ್ನಡವಲ್ಲ, ಪ್ರಾಕೃತವನ್ನು ಹಾದು ಬಂದ ‘ಉಪಾಧ್ಯಾಯ’ದ ತದ್ಭವ. ಸಂಸ್ಕೃತವನ್ನು ಮುಂಬಾಗಿಲಲ್ಲಿ ತಡೆದು ಹಿತ್ತಲಿನಿಂದ ಒಳಗೆ ಕರೆದಂತಾಯಿತು.

ಪದವನ್ನು ಹುಡುಕುವ ಮೊದಲು ಅದು ಹೆಸರಿಸಬೇಕಾದ ಸಂಬಂಧವನ್ನು ನೋಡಬೇಕು. ವಿಶೇಷ ಶಿಕ್ಷಣದ ತರಗತಿಗಳಲ್ಲಿ ಬೆಳೆದು ಆಮೇಲೆ ಶಿಕ್ಷಕರ ತರಬೇತಿಗೆ ಬಂದ ಈ ಕ್ರಮದಲ್ಲಿ, ಹಳೆಯ ಬೋಧನಾಭ್ಯಾಸದಂತೆ ಒಬ್ಬರು ಪಾಠ ಮಾಡಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಷರಾ ಬರೆಯುವುದಿಲ್ಲ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿರುವ ಬೆಂಗಳೂರಿನ ದ್ವಿತೀಯ ಭಾಷೆಯ ಕನ್ನಡ ತರಗತಿಯಲ್ಲಿ ಒಬ್ಬರು ಗದ್ಯವನ್ನು ಗಟ್ಟಿಯಾಗಿ ಓದುವಾಗ ಇನ್ನೊಬ್ಬರು ಒತ್ತಕ್ಷರದಲ್ಲಿ ತಡವರಿಸುವವರ ಬಳಿಗೆ ಹೋಗುತ್ತಾರೆ. ಮರುದಿನ ಪಾತ್ರ ಅದಲುಬದಲಾಗಬಹುದು, ಇಲ್ಲವೇ ತರಗತಿಯನ್ನೇ ಎರಡು ಗುಂಪು ಮಾಡಿಕೊಂಡು ಇಬ್ಬರೂ ಅದೇ ಪಾಠವನ್ನು ಕಲಿಸಬಹುದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯ ನಂತರ ಎರಡನೆಯ ವರ್ಷದ ಇಂಟರ್ನ್‌ಶಿಪ್ 16 ವಾರಗಳದ್ದಾಗಿರುವುದರಿಂದ ಇದಕ್ಕೆ ಅವಕಾಶವೂ ಇದೆ.

‘ಸಹಬೋಧನೆ’ಯನ್ನು ಯಾರಾದರೂ ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಕಚೇರಿಯ ಕನ್ನಡದಲ್ಲಿ ‘ಸಹ’ಕ್ಕೆ ಸಮಾನತೆಯ ಅರ್ಥ ಉಳಿದಿಲ್ಲ. ಸಹಶಿಕ್ಷಕರು ಮುಖ್ಯಶಿಕ್ಷಕರ ಕೈಕೆಳಗಿನವರು, ಸಹಪ್ರಾಧ್ಯಾಪಕರು ಪ್ರಾಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗಿನವರು. (ಅಚ್ಚಿನಮನೆಯಲ್ಲಿ ಅದು ‘ಸಹಭೋಜನ’ವಾಗುವ ಅಪಾಯ ಬೇರೆ.) ‘ಕೂಡುಬೋಧನೆ’ ಎಂದರೆ ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸವೆಂಬ ತಕರಾರು ಬರುತ್ತದೆ. ‘ಜಂಟಿ ಬೋಧನೆ’ ಎಂದು ಬಿಡಿಸಿ ಬರೆಯಿರಿ. ಜಂಟಿ ಖಾತೆಯಲ್ಲಿ ಇಬ್ಬರೂ ಖಾತೆದಾರರೇ. ಶಾಲೆಯವರು ‘ಮಾರ್ಗದರ್ಶಿ ಶಿಕ್ಷಕರು’, ಕಾಲೇಜಿನವರು ‘ಮೇಲ್ವಿಚಾರಕ ಅಧ್ಯಾಪಕರು’ ಆಗಲಿ.
— ಮಲ್ಲೇಶ್ವರದಿಂದ

ಜಂಟಿ ನಿರ್ದೇಶಕರು ನಿರ್ದೇಶಕರಿಗೆ ಸಮಾನರೇ? ಅದೂ ಅಲ್ಲದೆ ‘ಜಂಟಿ’ ಇಂಗ್ಲಿಷಿನ ‘ಜಾಯಿಂಟ್’ನ ವಿಕಾರವೆಂದೇ ನನ್ನ ಅಭಿಪ್ರಾಯ. ಹೀಗೆ ಎರವಲು ತಂದೇ ಆಡಳಿತದ ಕನ್ನಡ ಯಾರಿಗೂ ಅರ್ಥವಾಗದಂತಾಗಿದೆ.
— ಬಸವನಗುಡಿಯಿಂದ

ಸಂಗೀತದ ಪ್ರಾಥಮಿಕ ಪಾಠದಲ್ಲಿ ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಜಂಟಿವರಸೆಯನ್ನು ಯಾವ ಇಂಗ್ಲಿಷಿನವನು ಹೇಳಿಕೊಟ್ಟನು? ಜಂಟಿ ನಿರ್ದೇಶಕರ ಬಗ್ಗೆ ನೀವು ಹೇಳಿದ್ದು ಒಪ್ಪತಕ್ಕದ್ದು, ಆದರೆ ಶಾಲೆಯಲ್ಲಿ ‘ಜಂಟಿ ಶಿಕ್ಷಕ’ ಎಂಬ ಹುದ್ದೆ ಇಲ್ಲ.
— ಮಲ್ಲೇಶ್ವರದಿಂದ

ಇಬ್ಬರಿಗೂ ವಂದನೆಗಳು. ‘ಜಂಟಿ ಬೋಧನೆ’ಯನ್ನೂ ಸಹಿಯ ಎರಡು ಹೆಸರುಗಳನ್ನೂ ಉಳಿಸಿಕೊಂಡಿದ್ದೇನೆ, ಕ್ರಿಯಾಪದ ಬೇಕಾದಲ್ಲೆಲ್ಲ ‘ಜೊತೆಗೂಡಿ ಕಲಿಸು’ ಎಂದು ಬರೆದಿದ್ದೇನೆ. ‘ಒಡನೋಜ’ ಎಂದು ನಮೂನೆಯಲ್ಲಿ ಹಾಕಿದರೆ ಯಾರು ಎಲ್ಲಿ ಸಹಿ ಮಾಡಬೇಕೆಂದು ಪ್ರತಿ ಶಾಲೆಗೂ ಹೋಗಿ ವಿವರಿಸಬೇಕಾಗುತ್ತದೆ.
— ರಾಜಾಜಿನಗರದಿಂದ