ಮನೆಯ ಶೆಡ್ಡಿಗೆ ವೆಲ್ಡಿಂಗ್ ಟೇಬಲ್: 12,000 ರೂಪಾಯಿಯೊಳಗೆ ಯಾವುದು ಸರಿ?

ಪ್ರಶ್ನೆ: ನಿಟ್ಟುವಳ್ಳಿ ಹವ್ಯಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿತ್ತಲಿನಲ್ಲಿ 10 ಅಡಿಗೆ 12 ಅಡಿಯ ತಗಡಿನ ಶೆಡ್ಡು ಹಾಕಿಸಿ, ಅದರಲ್ಲಿ 200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷೀನು ಮತ್ತು 4 ಇಂಚಿನ ಗ್ರೈಂಡರು ಇಟ್ಟುಕೊಂಡಿದ್ದೇನೆ. ವೃತ್ತಿಯಿಂದ ನಾನು ವೆಲ್ಡರ್ ಅಲ್ಲ. ರಜೆಯ ದಿನಗಳಲ್ಲಿ ಮನೆಗೆ ಬೇಕಾದ ಸ್ಟ್ಯಾಂಡು, ಕಿಟಕಿಯ ಗ್ರಿಲ್ಲು, ಊರಿನ ತೋಟದ ಸಣ್ಣಪುಟ್ಟ ರಿಪೇರಿ, ಇಷ್ಟನ್ನೇ ಮಾಡಿಕೊಳ್ಳುವವನು.

ಕಳೆದ ತಿಂಗಳು ತೋಟಕ್ಕೆಂದು 3 ಅಡಿಗೆ 4 ಅಡಿಯ ಒಂದು ಗೇಟನ್ನು ನೆಲದ ಮೇಲೆಯೇ ಇಟ್ಟಿಗೆಗಳ ಆಸರೆ ಕೊಟ್ಟು ವೆಲ್ಡ್ ಮಾಡಿದೆ. ಮೂಲೆಮಟ್ಟ ಹಿಡಿದು ನೋಡಿದಾಗ ನಾಲ್ಕೂ ಮೂಲೆಗಳು ಸರಿಯಾಗಿಯೇ ಇದ್ದವು. ಆದರೆ ಕಂಬಕ್ಕೆ ನೇತುಹಾಕಿದ ಮೇಲೆ, ಮೇಲಿನ ಮೂಲೆ ಕಂಬಕ್ಕೆ ತಾಗಿದರೆ ಕೆಳಗಿನ ಮೂಲೆ ಹೆಬ್ಬೆರಳು ತೂರುವಷ್ಟು ಹೊರಗೆ ನಿಂತಿತು. ನಮ್ಮ ತಾಯಿಯವರು ನೋಡಿ, "ಇದೇನಪ್ಪಾ, ಗೇಟು ಹಪ್ಪಳ ಆಗೇತಲ್ಲ" ಎಂದರು. ಅಂದೇ ಒಂದು ಟೇಬಲ್ ಮಾಡಿಕೊಳ್ಳಬೇಕೆಂದು ನಿರ್ಧರಿಸಿದೆ.

ನನ್ನ ಮುಂದೆ ಮೂರು ದಾರಿಗಳಿವೆ. ಆನ್‌ಲೈನಿನಲ್ಲಿ ಸಿಗುವ, ಕಾಲು ಮಡಚುವ ರೆಡಿಮೇಡ್ ಟೇಬಲ್ ಕೊಳ್ಳುವುದು ಒಂದು. ಕಬ್ಬಿಣದ ಅಂಗಡಿಯಿಂದ ದಪ್ಪ ಪ್ಲೇಟು ತಂದು ನಾನೇ ಕಟ್ಟಿಕೊಳ್ಳುವುದು ಇನ್ನೊಂದು. ಅಂಗಡಿಯವರು ಕಿಲೋಗೆ 70 ರೂಪಾಯಿಯಂತೆ ಲೆಕ್ಕ ಹೇಳಿದ್ದಾರೆ. ಮೂರನೆಯದು, ಮನೆ ಕಟ್ಟಿಸುವಾಗ ಉಳಿದ ಗ್ರಾನೈಟ್ ಚಪ್ಪಡಿಯೊಂದು ಗೋಡೆಗೆ ಒರಗಿಕೊಂಡು ಸುಮ್ಮನೆ ಬಿದ್ದಿದೆ, ಅದು ಕನ್ನಡಿಯಷ್ಟು ಸಮತಟ್ಟಾಗಿರುವುದರಿಂದ ಅದನ್ನೇ ಬಳಸಬಹುದೇ ಎಂಬ ಆಸೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಗ್ರಿಲ್ ಕೆಲಸದವನು, ಚಳ್ಳಕೆರೆ

ಗ್ರಾನೈಟಿನ ಆಸೆಯನ್ನು ಇಂದೇ ಬಿಟ್ಟುಬಿಡಿ ಸರ್. ಕಲ್ಲಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಅರ್ಥ್ ಕ್ಲಾಂಪನ್ನು, ಅಂದರೆ ಕರೆಂಟು ಮಷೀನಿಗೆ ಹಿಂತಿರುಗುವ ವೈರಿನ ಇಕ್ಕಳವನ್ನು, ಪ್ರತಿಯೊಂದು ತುಂಡಿಗೂ ಬದಲಿಸಿ ಬದಲಿಸಿ ಹಾಕಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ಜಾಗಕ್ಕೆ ಬೆಂಕಿಯ ಕಾವು ತಾಗಿದರೆ ಕಲ್ಲು ಸಿಡಿದು ಚಕ್ಕೆ ಏಳುತ್ತದೆ. ಸಿಮೆಂಟ್ ನೆಲದ ಗುಣವೂ ಇದೇ.

ಮಡಚುವ ಟೇಬಲ್ ಕೆಟ್ಟದ್ದೇನೂ ಅಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ, ಸೈಟಿಗೆ ಹೊತ್ತೊಯ್ಯುವವರಿಗೆ ಅದು ಅನುಕೂಲ. ಆದರೆ ಅಂಥವುಗಳ ಮೇಲ್ಭಾಗ ಹೆಚ್ಚಾಗಿ ತೆಳುವಾದ ಶೀಟು. ಸುತ್ತಿಗೆಯ ನಾಲ್ಕು ಪೆಟ್ಟಿಗೆ ಕುಣಿಯುತ್ತದೆ, ಕಾವಿಗೆ ಬಾಗುತ್ತದೆ. ನೀವು ಒಂದೇ ಜಾಗದಲ್ಲಿ ಕೆಲಸ ಮಾಡುವವರಾದ್ದರಿಂದ ಪ್ಲೇಟೇ ಸರಿ.

ಉತ್ತರ: ನಿವೃತ್ತ ಫಿಟ್ಟರ್, ಹರಿಹರ

ಮೊದಲು ನಿಮ್ಮ ಗೇಟಿನ ವಿಷಯ. ಮೂಲೆಮಟ್ಟವು ಎರಡು ಪಟ್ಟಿಗಳ ನಡುವಿನ ಕೋನವನ್ನು ಮಾತ್ರ ಹೇಳುತ್ತದೆ. ನಾಲ್ಕೂ ಮೂಲೆಗಳು ಒಂದೇ ಸಮತಲದಲ್ಲಿವೆಯೇ ಎಂಬುದನ್ನು ಅದು ಹೇಳಲಾರದು. ಕೋನಗಳೆಲ್ಲ ಸರಿಯಾಗಿದ್ದೂ ಚೌಕಟ್ಟು ತಿರುಚಿಕೊಂಡಿರಬಹುದು. ವೆಲ್ಡಿಂಗ್ ಟೇಬಲ್ ಬೇಕಾಗುವುದೇ ಈ ತಿರುಚನ್ನು ತಪ್ಪಿಸುವುದಕ್ಕೆ. ಆದ್ದರಿಂದ ನಿಮ್ಮ ಹಣವೆಲ್ಲ ಮೇಲ್ಭಾಗದ ದಪ್ಪಕ್ಕೂ ಸಮತಟ್ಟಿಗೂ ಹೋಗಲಿ. ಕಾಲುಗಳ ಅಂದಚಂದಕ್ಕೆ ಹೋಗುವುದು ಬೇಡ.

ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಕಬ್ಬಿಣದ ಪ್ಲೇಟು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 4 ಅಡಿಗೆ ಎರಡೂವರೆ ಅಡಿಯ ಪ್ಲೇಟು 6 ಮಿ.ಮೀ. ಆದರೆ ಸುಮಾರು 44 ಕಿಲೋ, 8 ಆದರೆ 58, 10 ಆದರೆ 73 ಕಿಲೋ. ನಿಮಗೆ ಹೇಳಿರುವ ದರದಲ್ಲಿ 6ಕ್ಕೂ 10ಕ್ಕೂ ಇರುವ ವ್ಯತ್ಯಾಸ ಎರಡು ಸಾವಿರ ರೂಪಾಯಿ ಚಿಲ್ಲರೆ. ಆದರೆ ಬಾಗದೆ ನಿಲ್ಲುವ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 10 ಮಿ.ಮೀ. ಪ್ಲೇಟು 6ರದ್ದಕ್ಕಿಂತ ನಾಲ್ಕೂವರೆ ಪಟ್ಟು ಬಿಗಿ. ಆ ಎರಡು ಸಾವಿರವನ್ನು ಉಳಿಸುವುದು ನನ್ನ ಮಟ್ಟಿಗೆ ಜಾಣತನವಲ್ಲ.

ಅಂಗಡಿಯಲ್ಲಿ ಪ್ಲೇಟನ್ನು ತೂಕಕ್ಕೆ ಹಾಕಿಸುವ ಮೊದಲು ಕೈಯಲ್ಲೊಂದು ನೇರವಾದ ಅಲ್ಯೂಮಿನಿಯಂ ಪಟ್ಟಿ ಇರಲಿ. ಗಾರೆ ಕೆಲಸದವರು ಗೋಡೆ ಎಳೆಯಲು ಬಳಸುತ್ತಾರಲ್ಲ, ಅದೇ ಸಾಕು. ಪಟ್ಟಿಯನ್ನು ಅಡ್ಡಕ್ಕೆ, ಉದ್ದಕ್ಕೆ, ಕರ್ಣಕ್ಕೆ ನಿಲ್ಲಿಸಿ ಅದರ ಹಿಂದೆ ಮೊಬೈಲಿನ ಟಾರ್ಚು ಹಿಡಿದರೆ, ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ತಗ್ಗು. ಕತ್ತರಿಸುವ ಯಂತ್ರದಲ್ಲಿ ತುಂಡರಿಸಿದ ಪ್ಲೇಟುಗಳ ಅಂಚು ಒಂದು ಬದಿಗೆ ಮಡಚಿದಂತೆ ಇರುವುದುಂಟು. ಅಂಥದ್ದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಕೇಳಲು ಸಂಕೋಚ ಬೇಡ.

ನಮ್ಮ ಊರಿನಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳು ತಯಾರಾಗುತ್ತಿದ್ದವು, ಹೀಗಾಗಿ ಎರಕದ ಕಬ್ಬಿಣವೆಂದರೆ ನಮಗೆ ಸ್ವಲ್ಪ ಮೋಹ. ಗುಜರಿಯಲ್ಲಿ ಹಳೆಯ ಯಂತ್ರದ ಎರಕದ ಪ್ಲೇಟು ಕಣ್ಣಿಗೆ ಬಿದ್ದರೆ ಅದು ಸಮತಟ್ಟಿಗೆ ಒಳ್ಳೆಯದೇ. ಆದರೆ ಅದರ ಮೇಲೆ ಟ್ಯಾಕ್ (ತಾತ್ಕಾಲಿಕವಾದ ಚುಕ್ಕೆ ವೆಲ್ಡು) ಹಾಕಿ ಏನನ್ನೂ ನಿಲ್ಲಿಸಲಾಗದು, ಸುತ್ತಿಗೆ ಜೋರಾಗಿ ಬಿದ್ದರೆ ಬಿರುಕು ಬಿಡುತ್ತದೆ. ಮೊದಲ ಟೇಬಲ್ಲಿಗೆ ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟೇ ಇರಲಿ.

ನಿಟ್ಟುವಳ್ಳಿ ಹವ್ಯಾಸಿ

ಹಿರಿಯರಿಗೆ ಧನ್ಯವಾದಗಳು. 10 ಮಿ.ಮೀ. ಎಂದು ನಿಶ್ಚಯಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಪ್ಲೇಟನ್ನು ಕೆಳಗಿನ ಫ್ರೇಮಿಗೆ ಸುತ್ತಲೂ ವೆಲ್ಡ್ ಮಾಡಿಬಿಡಬಹುದೇ? ಜರ್ಮನಿಯ ಸೀಗ್ಮುಂಡ್ ಟೇಬಲ್ಲುಗಳ ಚಿತ್ರಗಳಲ್ಲಿ ಮೇಲ್ಭಾಗದ ತುಂಬ ತೂತುಗಳಿರುವುದನ್ನು ಕಂಡಿದ್ದೇನೆ. ಅಂಥ ತೂತುಗಳನ್ನು ನಾನೂ ಕೊರೆಯಿಸಬೇಕೇ?

ನಿವೃತ್ತ ಫಿಟ್ಟರ್, ಹರಿಹರ

ಸುತ್ತಲೂ ವೆಲ್ಡ್ ಮಾಡಿದರೆ ನೀವು ದುಡ್ಡು ಕೊಟ್ಟು ತಂದ ಸಮತಟ್ಟನ್ನು ನಿಮ್ಮ ಕೈಯಾರೆ ಹಾಳು ಮಾಡಿದಂತೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಅಂಚನ್ನು ಕೆಳಕ್ಕೆ ಎಳೆಯುತ್ತದೆ, ನಡುಭಾಗ ಉಬ್ಬುತ್ತದೆ. ಫ್ರೇಮನ್ನು 50 ಮಿ.ಮೀ. ಆಂಗ್ಲರಿನಲ್ಲಿ (ಎಲ್ ಆಕಾರದ ಕಬ್ಬಿಣದ ಪಟ್ಟಿಯಲ್ಲಿ) ಬೇರೆಯಾಗಿಯೇ ಮಾಡಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಪ್ಲೇಟನ್ನು ಅದರ ಮೇಲೆ ಕೂರಿಸಿ. ಪ್ಲೇಟಿಗೂ ಫ್ರೇಮಿಗೂ ನಡುವೆ ಸಂದು ಕಂಡಲ್ಲಿ ತೆಳು ತಗಡಿನ ಚೂರು ತುಂಬಿ, ಒಂದು ಅಡಿಗೆ ಒಂದರಂತೆ ಒಂದಂಗುಲದ ವೆಲ್ಡನ್ನು ಎದುರುಬದುರಾಗಿ, ನಡುವೆ ಆರಲು ಬಿಡುತ್ತ ಹಾಕಿ. ತಾಳ್ಮೆಯಿದ್ದರೆ ವೆಲ್ಡಿನ ಬದಲು ಬೋಲ್ಟು ಹಾಕುವುದು ಇನ್ನೂ ಉತ್ತಮ, ಮುಂದೆ ಬಿಚ್ಚಿ ಸರಿಪಡಿಸಿಕೊಳ್ಳಬಹುದು. ಪ್ಲೇಟು ಫ್ರೇಮಿನಿಂದ ಎಲ್ಲ ಬದಿಗೂ ಮೂರ್ನಾಲ್ಕು ಇಂಚು ಹೊರಚಾಚಿರಲಿ. ಇಲ್ಲವಾದರೆ ತುಂಡನ್ನು ಟೇಬಲ್ಲಿಗೆ ಬಿಗಿಯುವ ಸಿ ಕ್ಲಾಂಪ್ ಹಿಡಿಯಲು ಜಾಗವಿರುವುದಿಲ್ಲ.

ಆ ಜರ್ಮನ್ ಟೇಬಲ್ಲುಗಳಲ್ಲಿ ಒಂದು ಬಗೆಗೆ 16 ಮಿ.ಮೀ. ತೂತು 50 ಮಿ.ಮೀ. ಅಂತರದಲ್ಲಿ, ಇನ್ನೊಂದಕ್ಕೆ 28 ಮಿ.ಮೀ. ತೂತು 100 ಮಿ.ಮೀ. ಅಂತರದಲ್ಲಿ ಇರುತ್ತವೆ. ಆ ತೂತುಗಳಿಗೆ ಕ್ಲಾಂಪು, ತಡೆಗಳನ್ನು ಕೂರಿಸುತ್ತಾರೆ. ಅದು ಒಂದೇ ಅಳತೆಯ ಮಾಲನ್ನು ನೂರಾರು ಸಂಖ್ಯೆಯಲ್ಲಿ ಮಾಡುವವರಿಗೆ. ಕೈಡ್ರಿಲ್ಲಿನಲ್ಲಿ ಕೊರೆದ ತೂತು ಸಾಲು ತಪ್ಪುತ್ತದೆ, ಸಾಲು ತಪ್ಪಿದ ತೂತಿನಿಂದ ಪ್ರಯೋಜನವಿಲ್ಲ. ನಿಮ್ಮ ಪ್ಲೇಟಿಗೆ ಅದಕ್ಕಿಂತ ದೊಡ್ಡ ಅನುಕೂಲವೊಂದಿದೆ: ಬೇಕಾದ ಕಡೆ ಆಂಗ್ಲರಿನ ತುಂಡೊಂದನ್ನು ಟ್ಯಾಕ್ ಹಾಕಿ ತಡೆ ಮಾಡಿಕೊಳ್ಳಬಹುದು, ಕೆಲಸ ಮುಗಿದ ಮೇಲೆ ಒಂದೇಟಿಗೆ ಮುರಿದು ಗುರುತನ್ನು ಗ್ರೈಂಡ್ ಮಾಡಬಹುದು. ಬೆಲೆಬಾಳುವ ಟೇಬಲ್ಲಿನ ಮೇಲೆ ಯಾರಿಗೂ ಹಾಗೆ ಮಾಡಲು ಮನಸ್ಸು ಬರುವುದಿಲ್ಲ.

ಕಾಲುಗಳ ತುದಿಗೆ ದಪ್ಪ ನಟ್ಟು ವೆಲ್ಡ್ ಮಾಡಿ ಬೋಲ್ಟು ಕೂರಿಸಿ. ಶೆಡ್ಡಿನ ನೆಲ ಎಂದಿಗೂ ಸಮನಾಗಿರುವುದಿಲ್ಲ, ಟೇಬಲ್ಲು ನೆಲದ ತಿರುಚನ್ನೇ ತಾನೂ ಪಡೆಯುತ್ತದೆ. ಇದನ್ನು ಪರೀಕ್ಷಿಸಲು ಪ್ಲೇಟಿನ ನಾಲ್ಕೂ ಮೂಲೆಗಳಲ್ಲಿ ಒಂದೇ ದಪ್ಪದ ತುಂಡುಗಳನ್ನಿಟ್ಟು, ಅವುಗಳ ಮೇಲೆ ಕರ್ಣವಾಗಿ ಎರಡು ನೂಲುಗಳನ್ನು ಬಿಗಿಯಾಗಿ ಎಳೆಯಿರಿ. ನಡುವೆ ನೂಲುಗಳು ಒಂದನ್ನೊಂದು ಸವರಿದಂತೆ ತಾಗಿದರೆ ತಿರುಚಿಲ್ಲ. ಮೇಲಿನ ನೂಲನ್ನು ಕೆಳಗೆ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ನಂಬಬಹುದು. ಸಂದು ಕಂಡರೆ ಒಂದು ಕಾಲಿನ ಬೋಲ್ಟನ್ನು ತಿರುಗಿಸಿ ಸರಿಮಾಡಿ.

ಉತ್ತರ: ಹೊಳಲ್ಕೆರೆ ಓದುಗ, ಚಿತ್ರದುರ್ಗ ಜಿಲ್ಲೆ

ಇನ್ನೂ ಕಡಿಮೆ ಖರ್ಚಿನಲ್ಲಿ ಆಗಬೇಕೆನ್ನುವವರಿಗಾಗಿ ಒಂದು ಮಾತು. ನಾನು ಪ್ಲೇಟು ಹಾಕಿಲ್ಲ. ಗುಜರಿಯಲ್ಲಿ ಆರಿಸಿದ, ನೇರವಾಗಿದ್ದ ಐದು ಚಾನೆಲ್ (ತೊಟ್ಟಿಯಾಕಾರದ ಕಬ್ಬಿಣದ ಪಟ್ಟಿ) ತುಂಡುಗಳನ್ನು ಬೆನ್ನು ಮೇಲಾಗಿ, ಎರಡೆರಡು ಇಂಚಿನ ಸಂದು ಬಿಟ್ಟು ಜೋಡಿಸಿದ್ದೇನೆ. ಸಂದುಗಳ ಮೂಲಕ ಕ್ಲಾಂಪನ್ನು ಎಲ್ಲಿ ಬೇಕಾದರೂ ಇಳಿಸಬಹುದು, ಕಿಟ್ಟ ಕೆಳಗೆ ಉದುರಿಹೋಗುತ್ತದೆ. ಸಣ್ಣ ತುಂಡುಗಳು ಸಂದಿನಲ್ಲಿ ಜಾರಿ ಬೀಳುವುದೊಂದೇ ತೊಂದರೆ; ಐದೂ ಚಾನೆಲ್ಲುಗಳನ್ನು ಒಂದೇ ಮಟ್ಟಕ್ಕೆ ತರಲು ನನಗೆ ಒಂದಿಡೀ ಭಾನುವಾರ ಹಿಡಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಬಳಕೆಯ ಬಗ್ಗೆ ಯಾರೂ ಹೇಳದ ಒಂದು ವಿಷಯವಿದೆ. ಅರ್ಥ್ ಕ್ಲಾಂಪನ್ನು ಟೇಬಲ್ಲಿಗೆ ಹಾಕಿ, ತುಕ್ಕು ಹಿಡಿದ ಪೈಪನ್ನು ಅದರ ಮೇಲೆ ಸುಮ್ಮನೆ ಇಟ್ಟು ವೆಲ್ಡ್ ಮಾಡುತ್ತಿದ್ದೆ. ಪಕ್ಕದಲ್ಲಿ ವೈರು ಚುಚ್ಚಿದ್ದ ನನ್ನ ಹಳೆಯ ಡ್ರಿಲ್ಲು ಮಲಗಿತ್ತು, ಅದರ ಕಬ್ಬಿಣದ ಮೈ ಪೈಪಿಗೆ ತಾಗಿಕೊಂಡಿತ್ತು. ಪೈಪಿನಿಂದ ಟೇಬಲ್ಲಿಗೆ ಸರಿಯಾದ ದಾರಿ ಸಿಗದ ಕರೆಂಟು ಡ್ರಿಲ್ಲಿನ ಮೈಯನ್ನೂ ಅದರ ಅರ್ಥ್ ವೈರನ್ನೂ ದಾರಿ ಮಾಡಿಕೊಂಡಿತು. ವೈರಿನ ರಬ್ಬರು ಕರಗಿದ ವಾಸನೆ ಬಂದಾಗಲೇ ನನಗೆ ಎಚ್ಚರವಾದದ್ದು. ಅಂದಿನಿಂದ ಕ್ಲಾಂಪನ್ನು ಸಾಧ್ಯವಾದಷ್ಟೂ ಕೆಲಸದ ತುಂಡಿಗೇ, ಅಲ್ಲಿನ ತುಕ್ಕನ್ನು ಉಜ್ಜಿ ಹಾಕುತ್ತೇನೆ. ಟೇಬಲ್ಲಿನ ಮೇಲೆ ಪ್ಲಗ್ ಚುಚ್ಚಿದ ಯಾವ ಸಾಮಾನನ್ನೂ ಇಡುವುದಿಲ್ಲ.

ಹಾಗೆಯೇ, ತೋಟದ ಕೆಲಸಕ್ಕೆಂದು ಜಿ.ಐ. ಪೈಪು ವೆಲ್ಡ್ ಮಾಡುವುದಾದರೆ ಮೇಲಿನ ಸತುವಿನ ಲೇಪವನ್ನು ಗ್ರೈಂಡ್ ಮಾಡಿ ತೆಗೆಯಿರಿ, ಟೇಬಲ್ಲನ್ನು ಶೆಡ್ಡಿನ ಬಾಗಿಲಿನ ಗಾಳಿಗೆ ಎಳೆದುಕೊಳ್ಳಿ. ಸತುವು 907 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಆವಿಯಾಗುತ್ತದೆ, ಕಬ್ಬಿಣ ಕರಗುವುದಕ್ಕೆ ಬಹಳ ಮುಂಚೆ. ಆ ಬಿಳಿ ಹೊಗೆ ಕುಡಿದವನಿಗೆ ಸಂಜೆಗೆ ಚಳಿಜ್ವರ ಬರುವುದುಂಟು. ಹಾಲು ಕುಡಿದರೆ ಸಾಕೆಂಬ ಮಾತನ್ನು ನಂಬಿಕೊಂಡು ಕೂರಬೇಡಿ.

ನಿಟ್ಟುವಳ್ಳಿ ಹವ್ಯಾಸಿ, ಆರು ವಾರಗಳ ನಂತರ

ಟೇಬಲ್ ಸಿದ್ಧವಾಗಿದೆ. ಪ್ಲೇಟಿಗೆ 5,100, ಸುಮಾರು 50 ಕಿಲೋ ಆಂಗ್ಲರಿಗೆ 3,500, ಬೋಲ್ಟು, ರಾಡು, ಆಟೋ ಬಾಡಿಗೆ ಸೇರಿ ಒಂಬತ್ತೂವರೆ ಸಾವಿರವಾಯಿತು. ಉಳಿದ ಹಣದಲ್ಲಿ ನಾಲ್ಕು ಸಿ ಕ್ಲಾಂಪು ಕೊಂಡೆ. ಪ್ಲೇಟನ್ನು ಬೋಲ್ಟಿನಿಂದಲೇ ಕೂರಿಸಿದ್ದೇನೆ. ಮೊದಲ ಸಲ ನೂಲು ಎಳೆದಾಗ ನಡುವೆ 4 ಮಿ.ಮೀ. ಸಂದಿತ್ತು, ಹಿಂದಿನ ಎಡಗಾಲಿನ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಹೋದಂತೆ ನೂಲುಗಳು ಹತ್ತಿರ ಬಂದು ತಾಗಿದ್ದನ್ನು ನೋಡುವುದೇ ಒಂದು ಸಂತೋಷ.

ಹಳೆಯ ಗೇಟನ್ನು ಬಿಚ್ಚಿ ಇದರ ಮೇಲೆ ಹೊಸದಾಗಿ ಕಟ್ಟಿದೆ. ನಾಲ್ಕು ಮೂಲೆಗಳಿಗೆ ಮೊದಲು ಟ್ಯಾಕ್ ಮಾತ್ರ ಹಾಕಿ, ಎರಡೂ ಕರ್ಣಗಳನ್ನು ಅಳೆದು, 3 ಮಿ.ಮೀ. ವ್ಯತ್ಯಾಸ ಕಂಡದ್ದರಿಂದ ಉದ್ದವಿದ್ದ ಕರ್ಣದ ಮೂಲೆಗೆ ಮರದ ಸುತ್ತಿಗೆಯಿಂದ ತಟ್ಟಿ ಸರಿಮಾಡಿ, ಆಮೇಲೆ ಎದುರೆದುರು ಮೂಲೆಗಳನ್ನು ಒಂದಾದ ಮೇಲೊಂದರಂತೆ ತುಂಬಿದೆ. ಆರುವವರೆಗೆ ಕ್ಲಾಂಪು ಬಿಚ್ಚಲಿಲ್ಲ. ಈಗ ಗೇಟು ಕಂಬಕ್ಕೆ ಮೇಲೂ ಕೆಳಗೂ ಒಂದೇ ಸಮನೆ ಕೂರುತ್ತಿದೆ.

ಒಂದೇ ಚಿಂತೆ: ಪ್ಲೇಟಿನ ನಡುಭಾಗ ಅರ್ಧ ಮಿಲಿಮೀಟರಿನಷ್ಟು ತಗ್ಗಾಗಿದೆ. ಸುತ್ತಲಿನ ಭಾಗವನ್ನು ಗ್ರೈಂಡ್ ಮಾಡಿ ಸಮ ಮಾಡಲೇ?

ನಿವೃತ್ತ ಫಿಟ್ಟರ್, ಹರಿಹರ

ಖಂಡಿತ ಬೇಡ. ಕೈಗ್ರೈಂಡರಿನಿಂದ ಅಷ್ಟಗಲ ಜಾಗವನ್ನು ಸಮ ಮಾಡಲು ಹೋದರೆ ಅರ್ಧ ಮಿಲಿಮೀಟರಿನ ಒಂದು ತಗ್ಗಿನ ಜಾಗದಲ್ಲಿ ಒಂದು ಮಿಲಿಮೀಟರಿನ ಹತ್ತು ತಗ್ಗುಗಳಾಗುತ್ತವೆ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಗುರುತಿಟ್ಟುಕೊಳ್ಳಿ. ನಿಖರ ಕೆಲಸವಿದ್ದಾಗ ಅಲ್ಲೊಂದು ತೆಳು ತಗಡಿನ ಚೂರು ಇಟ್ಟರೆ ಆಯಿತು. ಮೇಲ್ಭಾಗಕ್ಕೆ ಬಣ್ಣ ಬಳಿಯಬೇಡಿ, ಅರ್ಥ್ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಎಣ್ಣೆಬಟ್ಟೆಯಿಂದ ಒರೆಸಿಡಿ, ಮರುದಿನ ವೆಲ್ಡ್ ಮಾಡುವ ಮುನ್ನ ಆ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಿರಿ.