ಗಂಡು, ಹೆಣ್ಣು ಇಲಿಗಳಲ್ಲಿ ಸಿನಾಪ್ಸ್ ಪ್ರೋಟೀನಿನ ಬ್ಯಾಂಡ್ ಸಮನಾಗಿ ಬಂದರೆ ವ್ಯತ್ಯಾಸವಿಲ್ಲವೆಂದು ಬರೆಯಬಹುದೇ?

ಪ್ರಶ್ನೆ – ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ. ಪ್ರಾಜೆಕ್ಟಿಗಾಗಿ ಇಲಿಗಳ ಹಿಪ್ಪೊಕ್ಯಾಂಪಸ್ಸನ್ನು (ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ) ಅರೆದು, ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸಿ ಬ್ಯಾಂಡ್ ಎಂಬ ಪಟ್ಟೆಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ವಿಧಾನದಲ್ಲಿ, ಸಿನಾಪ್ಸಿನ (ಎರಡು ನರಕೋಶಗಳು ಸಂಧಿಸುವ ತಾಣದ) ಪಿಎಸ್‌ಡಿ-95 ಮತ್ತು ಸಿನಾಪ್ಟೊಫೈಸಿನ್ ಪ್ರೋಟೀನುಗಳನ್ನು ಅಳೆದಿದ್ದೇನೆ. ಹೆಣ್ಣು ಇಲಿಗಳಲ್ಲಿ ಋತುಚಕ್ರದಿಂದ ಅಂಕಿಗಳು ಚದುರಿಹೋಗುತ್ತವೆ, ಗಂಡುಗಳನ್ನು ಮಾತ್ರ ತೆಗೆದುಕೊಳ್ಳುವುದು ಮೇಲು ಎಂಬ ಸಲಹೆ ಬಂದಿತ್ತು. ನಾನೇ ಹಟ ಹಿಡಿದು ಆರು ಗಂಡು, ಆರು ಹೆಣ್ಣು ಇಲಿಗಳನ್ನು ತೆಗೆದುಕೊಂಡೆ. ಈಗ ನೋಡಿದರೆ 95 ಕಿಲೊಡಾಲ್ಟನ್ ಹತ್ತಿರದ ಬ್ಯಾಂಡ್ ಎರಡೂ ಗುಂಪುಗಳಲ್ಲಿ ಒಂದೇ ದಪ್ಪಕ್ಕಿದೆ. ಸಿನಾಪ್ಸ್ ಪ್ರೋಟೀನುಗಳಲ್ಲಿ ಲಿಂಗಭೇದವಿಲ್ಲವೆಂದು ಬರೆದು, ಹನ್ನೆರಡನ್ನೂ ಒಂದೇ ಗುಂಪಾಗಿ ಸೇರಿಸಿ ಮುಂದಿನ ಲೆಕ್ಕ ಮಾಡಬಹುದೇ?

ಉತ್ತರ 1 – ನರವಿಜ್ಞಾನ ಸಂಶೋಧಕ

ನೀವು ಹೇಳಬಹುದಾದದ್ದು ಇಷ್ಟೇ: ಈ ಎರಡು ಪ್ರೋಟೀನುಗಳ ಒಟ್ಟು ಪ್ರಮಾಣದಲ್ಲಿ, ಇಡೀ ಹಿಪ್ಪೊಕ್ಯಾಂಪಸ್ಸಿನ ಸರಾಸರಿಯಲ್ಲಿ, ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ತಪ್ಪಾಗುತ್ತದೆ.

ಹೆಣ್ಣು ಇಲಿಯ ಋತುಚಕ್ರ ನಾಲ್ಕೈದು ದಿನಗಳದ್ದು. ಈಸ್ಟ್ರಡಯಾಲ್ ಎಂಬ ಈಸ್ಟ್ರೊಜನ್ ಹಾರ್ಮೋನು ಏರಿರುವ ಪ್ರೊಈಸ್ಟ್ರಸ್ ಹಂತದಿಂದ ಈಸ್ಟ್ರಸ್ ಹಂತಕ್ಕೆ ಬರುವ ಸುಮಾರು 24 ಗಂಟೆಗಳಲ್ಲಿ, ಹಿಪ್ಪೊಕ್ಯಾಂಪಸ್ಸಿನ ಸಿಎ1 ಭಾಗದ ನರಕೋಶಗಳ ಮೇಲಿನ ಮುಳ್ಳುಗಳ (ಸಂದೇಶ ಪಡೆಯುವ ಸಣ್ಣ ಚಾಚುಗಳ) ಸಾಂದ್ರತೆ ಶೇ. 30ರಷ್ಟು ಇಳಿಯುತ್ತದೆ ಎಂದು ಕ್ಯಾಥರಿನ್ ವೂಲಿ, ಬ್ರೂಸ್ ಮೆಕ್‌ಯುಎನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ತೋರಿಸಿದರು. ಪಿಎಸ್‌ಡಿ-95 ಕುಳಿತಿರುವುದು ಆ ಮುಳ್ಳುಗಳ ತುದಿಯಲ್ಲೇ. ನಿಮ್ಮ ಆರು ಹೆಣ್ಣು ಇಲಿಗಳು ಬೇರೆ ಬೇರೆ ಹಂತಗಳಲ್ಲಿದ್ದಿರಬಹುದು. ಏರಿದ್ದು, ಇಳಿದದ್ದು ಎರಡೂ ಸರಾಸರಿಯೊಳಗೆ ಕರಗಿ ಗಂಡಿನ ಅಂಕಿಗೆ ಸಮನಾಗಿ ನಿಂತಿರಬಹುದು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅದೇ ವೂಲಿ ಅವರ ಗುಂಪು ಮುಂದೆ ಕಂಡುಕೊಂಡಂತೆ, ಈಸ್ಟ್ರಡಯಾಲ್ ಹಾಕಿದ ಕೆಲವೇ ನಿಮಿಷಗಳಲ್ಲಿ ಗಂಡು, ಹೆಣ್ಣು ಎರಡರಲ್ಲೂ ಗ್ಲುಟಮೇಟ್ ಎಂಬ ಪ್ರಚೋದಕ ರಾಸಾಯನಿಕವನ್ನು ಬಳಸುವ ಸಿನಾಪ್ಸ್‌ಗಳು ಬಲಗೊಳ್ಳುತ್ತವೆ, ಆದರೆ ಆ ಬಲವರ್ಧನೆಗೆ ಬೇಕಾಗುವ ಈಸ್ಟ್ರೊಜನ್ ಗ್ರಾಹಕಗಳೇ ಎರಡು ಲಿಂಗಗಳಲ್ಲಿ ಬೇರೆ ಬೇರೆ (2016). ಪಿಕೆಎ ಎಂಬ ಕಿಣ್ವವನ್ನು ತಡೆದಾಗ ಹೆಣ್ಣಿನಲ್ಲಿ ಬಲವರ್ಧನೆ ಶುರುವಾಗುವುದೇ ಇಲ್ಲ. ಗಂಡಿನಲ್ಲಿ ಏನೂ ಆಗದಂತೆ ನಡೆದುಹೋಗುತ್ತದೆ (2019). ಕೊನೆಯ ಫಲಿತಾಂಶವನ್ನಷ್ಟೇ ಅಳೆದಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಿಕೆಎ ಎರಡರಲ್ಲೂ ಇದೆ. ಬ್ಲಾಟಿನಲ್ಲಿ ಅದರ ಬ್ಯಾಂಡೂ ಕಾಣುತ್ತದೆ. ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂಬುದನ್ನು ಮಾತ್ರ ಬ್ಯಾಂಡಿನ ದಪ್ಪ ಹೇಳುವುದಿಲ್ಲ.

ಉತ್ತರ 2 – ತಳಿವಿಜ್ಞಾನದ ಅಧ್ಯಾಪಕಿ

ಹಾರ್ಮೋನಿನ ಮಾತೇ ಇಲ್ಲದ ಉದಾಹರಣೆಯೊಂದನ್ನು ಸೇರಿಸುತ್ತೇನೆ. ನ್ಯೂರೊಲಿಜಿನ್-4 ಸಿನಾಪ್ಸಿನ ಎರಡು ಬದಿಗಳನ್ನು ಹಿಡಿದಿಡುವ ಪ್ರೋಟೀನುಗಳಲ್ಲಿ ಒಂದು. ಮನುಷ್ಯರಲ್ಲಿ ಇದರ ಒಂದು ಜೀನ್ ಎಕ್ಸ್ ವರ್ಣತಂತುವಿನಲ್ಲಿ, ಅದರ ಜೋಡಿ ವೈ ವರ್ಣತಂತುವಿನಲ್ಲಿ ಇದೆ. ಎರಡರಿಂದ ಬರುವ ಪ್ರೋಟೀನುಗಳು ಶೇ. 97ರಷ್ಟು ಒಂದೇ ಆಗಿರುವುದರಿಂದ, ಗಂಡಸರಲ್ಲಿ ವೈ ಪ್ರತಿ ಎಕ್ಸ್ ಪ್ರತಿಯ ಕೆಲಸವನ್ನು ಮಾಡುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕ್ಯಾಥರಿನ್ ರೋಶ್ ಅವರ ಪ್ರಯೋಗಾಲಯ 2020ರಲ್ಲಿ ಇದನ್ನು ತಲೆಕೆಳಗು ಮಾಡಿತು. 93ನೇ ಸ್ಥಾನದಲ್ಲಿ ಪ್ರೋಲಿನ್ ಬದಲು ಸೆರಿನ್ ಇರುವ ಒಂದೇ ಕಾರಣಕ್ಕೆ ವೈ ಪ್ರತಿಯ ಪ್ರೋಟೀನು ಜೀವಕೋಶದ ಹೊರಪೊರೆಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಸಿನಾಪ್ಸ್ ಕಟ್ಟುವ ಕೆಲಸಕ್ಕೂ ಒದಗುವುದಿಲ್ಲ.

ಇದರ ಅರ್ಥ ಗಂಭೀರವಾದದ್ದು. ಎಕ್ಸ್ ಜೀನ್ ಕೆಟ್ಟರೆ ಹುಡುಗರಿಗೆ ಆಸರೆಗೆ ಬೇರೆ ಪ್ರತಿಯೇ ಇಲ್ಲವೆಂದಾಯಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜೆರಾನ್ ಮತ್ತು ಸಂಗಡಿಗರು 2003ರಲ್ಲಿ ಸ್ವೀಡನ್ನಿನ ಕುಟುಂಬಗಳಲ್ಲಿ ನ್ಯೂರೊಲಿಜಿನ್-3 ಮತ್ತು 4ರ ದೋಷಗಳನ್ನು ಗುರುತಿಸಿದಾಗ, ಆಟಿಸಂ ಕಾಣಿಸಿಕೊಂಡಿದ್ದವರು ಅಣ್ಣತಮ್ಮಂದಿರು. ಹುಡುಗರಲ್ಲಿ ಆಟಿಸಂ ಹೆಚ್ಚು ಎಂಬುದಕ್ಕೆ ಇದೊಂದೇ ವಿವರಣೆ ಎಂದು ನಾನು ಹೇಳುತ್ತಿಲ್ಲ. ಇಂತಹ ದೋಷಗಳು ಬಹಳ ವಿರಳ. ಅಂದಹಾಗೆ, ಈ ಪ್ರಶ್ನೆಯನ್ನು ನಿಮ್ಮ ಇಲಿಗಳಲ್ಲಿ ಕೇಳಲು ಹೋಗಬೇಡಿ. ದಂಶಕಗಳಲ್ಲಿ (ಇಲಿಯಂತಹ ಕಡಿಯುವ ಪ್ರಾಣಿಗಳಲ್ಲಿ) ಈ ಜೀನಿನ ಕಥೆಯೇ ಬೇರೆ.

ಉತ್ತರ 3 – ಔಷಧಶಾಸ್ತ್ರ ಕಲಿಸುವವರು

ಚರ್ಚೆಯಲ್ಲಿ ಸೇರಬೇಕಾದ ಒಂದು ಎಚ್ಚರಿಕೆ. ಹೆಂಗಸರ ಮೆದುಳು ಬೇರೆ ಎನ್ನುವುದಕ್ಕೆ ಝೋಲ್ಪಿಡೆಮ್ ನಿದ್ರೆಗುಳಿಗೆಯನ್ನು ಉದಾಹರಿಸುವುದು ರೂಢಿಯಾಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಮಹಿಳೆಯರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಮಿಗೆ ಇಳಿಸಿದ್ದು ನಿಜ. ಆದರೆ ಕಾರಣ ಸಿನಾಪ್ಸ್ ಅಲ್ಲ. ಮಹಿಳೆಯರ ದೇಹದಿಂದ ಔಷಧ ನಿಧಾನವಾಗಿ ಹೊರಹೋಗುವುದರಿಂದ ಬೆಳಗ್ಗೆಯೂ ಅದು ರಕ್ತದಲ್ಲಿ ಉಳಿದಿರುತ್ತದೆ. ವ್ಯತ್ಯಾಸ ಕಂಡಲ್ಲೆಲ್ಲ ಮೆದುಳನ್ನು ದೂರುವ ಮೊದಲು ಯಕೃತ್ತನ್ನೂ ವಿಚಾರಿಸಬೇಕು.

ಉತ್ತರ 4 – ಹಳೆಯ ಲ್ಯಾಬ್ ಕೆಲಸಗಾರ

ನಿಮಗೆ ಬಂದ ಸಲಹೆ ತುಂಬ ಹಳೆಯದು. ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿಗಳನ್ನು ಬಳಸಿದ ಅಧ್ಯಯನಗಳಲ್ಲಿ ಗಂಡು-ಹೆಣ್ಣಿನ ಅನುಪಾತ 5.5ಕ್ಕೆ 1 ಇತ್ತೆಂದು ಸಂಶೋಧಕರಾದ ಬೀರಿ ಮತ್ತು ಝುಕರ್ 2011ರಲ್ಲಿ ಎಣಿಸಿ ತೋರಿಸಿದರು. 2014ರಲ್ಲಿ ಝುಕರ್ ಅವರೂ ಇದ್ದ ತಂಡ 293 ಲೇಖನಗಳನ್ನು ಜಾಲಾಡಿ ನೋಡಿದಾಗ, ಚಕ್ರದ ಹಂತವನ್ನು ಲೆಕ್ಕಿಸದೆ ಅಳೆದ ಹೆಣ್ಣು ಮೌಸ್‌ಗಳ (ಚಿಕ್ಕ ಇಲಿ ಜಾತಿಯ) ಅಂಕಿಗಳು ಗಂಡುಗಳದಕ್ಕಿಂತ ಹೆಚ್ಚು ಚದುರಿರಲಿಲ್ಲ. ಅಂದರೆ ಹೆಣ್ಣನ್ನು ಬಿಡಲು ಚಕ್ರ ನೆಪವಾಗದು. ಸೇರಿಸಿದ ಮೇಲೆ ಚಕ್ರವನ್ನು ಮರೆಯಲೂ ಆಗದು.

ಲೆಕ್ಕದ ವಿಷಯ: ಗುಂಪುಗಳನ್ನು ಸೇರಿಸಿದರೂ ಲಿಂಗವನ್ನು ಒಂದು ಅಂಶವಾಗಿ ಉಳಿಸಿಕೊಂಡು ದ್ವಿಮುಖ ಅನೋವಾ (ಎರಡು ಅಂಶಗಳ ಪರಿಣಾಮವನ್ನು ಒಟ್ಟಿಗೆ ಪರೀಕ್ಷಿಸುವ ಸಂಖ್ಯಾಶಾಸ್ತ್ರದ ವಿಧಾನ) ಮಾಡಿ, ಚಿತ್ರದಲ್ಲಿ ಗಂಡು, ಹೆಣ್ಣಿನ ಚುಕ್ಕೆಗಳನ್ನು ಬೇರೆ ಬಣ್ಣಗಳಲ್ಲಿ ತೋರಿಸಿ. ಮುಂದೆ ಔಷಧ ಕೊಟ್ಟಾಗ ಗಂಡಿನಲ್ಲಿ ಪಿ ಮೌಲ್ಯ 0.05ಕ್ಕಿಂತ ಕಡಿಮೆ, ಹೆಣ್ಣಿನಲ್ಲಿ ಹೆಚ್ಚು ಬಂತೆಂದು ಲಿಂಗಭೇದ ಸಿಕ್ಕಿತೆನ್ನಬೇಡಿ. ಔಷಧ ಮತ್ತು ಲಿಂಗದ ಪರಸ್ಪರ ಪರಿಣಾಮವನ್ನು ನೇರವಾಗಿ ಪರೀಕ್ಷಿಸಬೇಕು. ಇನ್ನೊಂದು ಮಾತು: ಇಡೀ ಅಂಗಾಂಶದ ಬದಲು ಸಿನಾಪ್ಟೊಸೋಮ್ (ಅಂಗಾಂಶದಿಂದ ಬೇರ್ಪಡಿಸಿದ ಸಿನಾಪ್ಸ್ ಭಾಗ) ತೆಗೆದು ಬ್ಲಾಟ್ ಮಾಡಿದರೆ ಸಿನಾಪ್ಸಿಗೆ ನಿಜವಾಗಿ ತಲುಪಿರುವ ಪ್ರೋಟೀನು ಎಷ್ಟೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಚಕ್ರದ ಹಂತ ತಿಳಿಯಲು ಸೂಕ್ಷ್ಮದರ್ಶಕದಲ್ಲಿ ನೋಡುವ ಯೋನಿ ಸ್ಮಿಯರ್ (ಜೀವಕೋಶಗಳ ಲೇಪ) ತೆಗೆದಿರಲಿಲ್ಲ. ಇಲಿಗಳು ಈಗ ಇಲ್ಲ. ಉಳಿದಿರುವುದು ಮೈನಸ್ 80 ಫ್ರೀಜರಿನಲ್ಲಿರುವ ಅಂಗಾಂಶ ಮಾತ್ರ. ಹಂತವನ್ನು ತಿಳಿಯಲು ಬೇರೆ ದಾರಿ ಇದೆಯೇ?

ಉತ್ತರ 4 – ಹಳೆಯ ಲ್ಯಾಬ್ ಕೆಲಸಗಾರ

ಸ್ಮಿಯರ್ ಇದ್ದಿದ್ದರೆ ಐದು ನಿಮಿಷದ ಕೆಲಸ: ದುಂಡನೆಯ, ಕೋಶಕೇಂದ್ರ ಕಾಣುವ ಜೀವಕೋಶಗಳಿದ್ದರೆ ಪ್ರೊಈಸ್ಟ್ರಸ್, ಕೇಂದ್ರವಿಲ್ಲದ ಹಕ್ಕಳೆಯಂತಹವಿದ್ದರೆ ಈಸ್ಟ್ರಸ್, ಬಿಳಿ ರಕ್ತಕಣಗಳೇ ತುಂಬಿದ್ದರೆ ಡೈಈಸ್ಟ್ರಸ್. ಈಗ ನಿಮ್ಮ ಡಿಸೆಕ್ಷನ್ ನೋಟ್‌ಬುಕ್ ತೆರೆದು ನೋಡಿ. ಗರ್ಭಕೋಶ ನೀರು ತುಂಬಿ ಉಬ್ಬಿತ್ತೆಂದು ಎಲ್ಲಾದರೂ ಬರೆದಿದ್ದರೆ ಆ ಇಲಿ ಪ್ರೊಈಸ್ಟ್ರಸ್ಸಿನಲ್ಲಿತ್ತೆಂದು ಊಹಿಸಬಹುದು. ಇಲ್ಲವಾದರೆ ಚಕ್ರದ ಹಂತವನ್ನು ಗುರುತಿಸಿಲ್ಲವೆಂದು ವಿಧಾನದ ಭಾಗದಲ್ಲೇ ಒಂದು ಸಾಲು ಬರೆದುಬಿಡಿ.

ಪ್ರಶ್ನೆ ಕೇಳಿದವರು

ನೋಡಿದೆ. ಎರಡನೆಯ ಮತ್ತು ಐದನೆಯ ಇಲಿಯ ಮುಂದೆ "ಗರ್ಭಕೋಶ ಊದಿದೆ, ಸೋಂಕೇ?" ಎಂದು ಬರೆದುಕೊಂಡಿದ್ದೇನೆ. ಪಿಎಸ್‌ಡಿ-95ರ ಅಂಕಿ ಹೆಣ್ಣುಗಳ ಪೈಕಿ ಅವೆರಡರದ್ದೇ ಮೇಲಿದೆ.